ಪ್ರಿಸಮ್ ಹೋದಮೇಲೂ ಉಳಿದ ಹಿಣಿಲು

ಮಿರರ್‌ಲೆಸ್ ಕ್ಯಾಮೆರಾವನ್ನು ಎದುರಿನಿಂದ ನೋಡಿದಾಗಲೆಲ್ಲ ಒಂದು ಪ್ರಶ್ನೆ ಕಾಡುತ್ತದೆ: ನೆತ್ತಿಯ ಮೇಲೆ ಆ ಹಿಣಿಲು ಇನ್ನೂ ಯಾಕಿದೆ? ಎತ್ತಿಗಾದರೆ ನೊಗ ಹಿಂದೆ ಜಾರದಂತೆ ತಡೆಯುವ ಕೆಲಸ ಹಿಣಿಲಿಗಿದೆ. ಒಳಗೆ ಕನ್ನಡಿ ಇದ್ದ ಎಸ್‌ಎಲ್‌ಆರ್ ಕ್ಯಾಮೆರಾಗಳ ಕಾಲದಲ್ಲಿ ಕ್ಯಾಮೆರಾದ ಹಿಣಿಲಿಗೂ ಕೆಲಸವಿತ್ತು. ಲೆನ್ಸಿನಿಂದ ಬಂದ ಬೆಳಕು 45 ಡಿಗ್ರಿ ಓರೆಯಾಗಿ ನಿಂತ ಕನ್ನಡಿಗೆ ಬಡಿದು ಮೇಲಕ್ಕೇರಿ ಮಸುಕು ಗಾಜಿನ ಮೇಲೆ ಎಡಬಲ ಅದಲುಬದಲಾದ ಚಿತ್ರವಾಗುತ್ತಿತ್ತು. ಅದನ್ನು ಸರಿಪಡಿಸಿ ಕಣ್ಣಿಗೆ ಮುಟ್ಟಿಸಲು ಮನೆಯ ಮಾಡಿನ ಆಕಾರದ ಗಾಜಿನ ಗಟ್ಟಿಯೊಂದು, ಅಂದರೆ ಪೆಂಟಾಪ್ರಿಸಮ್, ಅಲ್ಲಿ ಕೂರಲೇಬೇಕಿತ್ತು. ಗಾಜು ಇದ್ದ ಕಡೆ ತಗಡು ಉಬ್ಬಿತು, ಅಷ್ಟೇ. ಈಗ ಕನ್ನಡಿಯೂ ಇಲ್ಲ, ಪ್ರಿಸಮ್ಮೂ ಇಲ್ಲ. ಸೆನ್ಸರಿನಿಂದ ಒಂದು ಪಟ್ಟಿ ತಂತಿ ಹೊರಟು ಹೆಬ್ಬೆರಳಿನ ಉಗುರಿನಷ್ಟು ದೊಡ್ಡ ಪರದೆಗೆ ಸೇರುತ್ತದೆ. ಆ ಪರದೆಯನ್ನು ಎಡಮೂಲೆಯಲ್ಲೂ ಇಡಬಹುದು, ಬಲಮೂಲೆಯಲ್ಲೂ ಇಡಬಹುದು. 2011ರಲ್ಲಿ ಸೋನಿಯವರು ಎನ್‌ಇಎಕ್ಸ್-7ರಲ್ಲಿ ಹಾಗೇ ಮಾಡಿ ತೋರಿಸಿದ್ದರು. ಅದರ ತಲೆ ಚಪ್ಪಟೆ, ಕಣ್ಣಿಟ್ಟು ನೋಡುವ ಕಿಂಡಿ, ಅಂದರೆ ವ್ಯೂಫೈಂಡರ್, ಮೂಲೆಯಲ್ಲಿ. ಎರಡೇ ವರ್ಷಕ್ಕೆ, 2013ರಲ್ಲಿ, ಅದೇ ಕಂಪನಿ ಫುಲ್‌ಫ್ರೇಮಿನ (35 ಮಿ.ಮೀ. ಫಿಲ್ಮಿನಷ್ಟೇ ದೊಡ್ಡ ಸೆನ್ಸರಿನ) ಎ7 ತಂದಾಗ ನಟ್ಟನಡುವೆ ಹಿಣಿಲು ಮತ್ತೆ ಎದ್ದಿತ್ತು.

‘ಅದು ಬರೀ ವೇಷ, ದೊಡ್ಡ ಕ್ಯಾಮೆರಾ ಅನ್ನಿಸಿಕೊಳ್ಳುವ ಆಸೆ’ ಅಂತ ಹೇಳಿ ಮುಗಿಸಬಹುದಿತ್ತು, 2020ರ ಎ7ಸಿ ಬರದೇ ಹೋಗಿದ್ದರೆ. ಹಿಣಿಲನ್ನು ಕಿತ್ತುಹಾಕಿ ವ್ಯೂಫೈಂಡರನ್ನು ಮೂಲೆಗೆ ತಳ್ಳಿದ ಬಾಡಿ ಅದು. ಕಣ್ಣಿಟ್ಟು ನೋಡಿದರೆ ಚಿತ್ರ ಸಣ್ಣ ಕಿಟಕಿಯಾಚೆ ಇದ್ದಂತೆ ಕಾಣುತ್ತದೆ. ಎ7 III ರಲ್ಲಿ 0.78 ಪಟ್ಟು ಇದ್ದ ವರ್ಧನೆ ಇಲ್ಲಿ 0.59ಕ್ಕೆ ಇಳಿದಿದೆ. ಚಿಕ್ಕ ಪರದೆಯನ್ನು ದೊಡ್ಡದಾಗಿ ತೋರಿಸಲು ಅದರ ಹಿಂದೆ ನಾಲ್ಕಾರು ಪುಟ್ಟ ಲೆನ್ಸುಗಳ ಸಾಲು ಬೇಕು, ಆ ಸಾಲಿಗೆ ಜಾಗ ಬೇಕು, ಜಾಗ ಇದ್ದದ್ದು ಹಿಣಿಲಿನಲ್ಲಿ. ಹಾಗಂತ ಹಿಣಿಲು ಅನಿವಾರ್ಯ ಎನ್ನೋಣವೇ? ಮುಂದಿನ ಎ7ಸಿ II ರಲ್ಲಿ ಅದೇ ಚಪ್ಪಟೆ ತಲೆಯೊಳಗೆ 0.70 ಪಟ್ಟು ಕೂರಿಸಿದರು. ಅಲ್ಲಿಗೆ ಅದು ಅರ್ಧ ಕೆಲಸ, ಅರ್ಧ ವೇಷ. ಕ್ಯಾಮೆರಾ ಬಾಡಿಗಳ ಚೆಲುವಿನ ಬಗ್ಗೆ ನಡೆಯುವ ಬಹುಪಾಲು ಜಗಳ ಈ ಎರಡು ಅರ್ಧಗಳ ನಡುವಿನ ಗೆರೆ ಎಲ್ಲಿದೆ ಅನ್ನುವುದರ ಬಗ್ಗೆಯೇ. ಯಂತ್ರದ ಒಂದು ಅಂಗಕ್ಕಾಗಿ ಹುಟ್ಟಿದ ಆಕಾರ, ಆ ಅಂಗ ಹೋದಮೇಲೆ ಕಂಪನಿಯ ಮುಖವಾಗಿ ಉಳಿದುಬಿಡುತ್ತದೆ. ನಾವು ದುಡ್ಡು ಕೊಡುವುದು ಆ ಮುಖಕ್ಕೆ. ಮುಖಕ್ಕೆ ದುಡ್ಡು ಕೊಡುವುದರಲ್ಲಿ ತಪ್ಪೇನೂ ಇಲ್ಲ; ಅದರ ಜೊತೆ ಕೈಗೆ ಏನು ಸಿಕ್ಕಿತು ಅಂತ ನೋಡಿಕೊಂಡರೆ ಸಾಕು.

ಒಂದು ಕೆಂಪು ಗೆರೆ, ಒಂದು ಬಾಗಿದ ಬೆನ್ನು

1959ರ ನಿಕಾನ್ ಎಫ್‌ಗೆ ರೂಪ ಕೊಟ್ಟವರು ಯುಸಾಕು ಕಮೆಕುರಾ. ಅವರು ಯಂತ್ರಶಾಸ್ತ್ರದವರಲ್ಲ, ಗ್ರಾಫಿಕ್ ಕಲಾವಿದರು. 1964ರ ಟೋಕಿಯೊ ಒಲಿಂಪಿಕ್ಸಿನ ಲಾಂಛನ, ಪೋಸ್ಟರುಗಳು ಅವರವೇ. ಪ್ರಿಸಮ್ಮಿನ ಗೂಡನ್ನು ನುಣ್ಣಗೆ ಉಜ್ಜಿ ಬಾಡಿಯೊಳಗೆ ಕರಗಿಸುವ ಬದಲು, ನೇರ ಅಂಚು, ಚೂಪು ಮೂಲೆಗಳಿಂದ ಗೋಪುರದಂತೆ ಎತ್ತಿ ನಿಲ್ಲಿಸಿದ್ದೇ ಅದರ ಗುರುತು. ಒಳಗೆ ಏನಿದೆಯೋ ಅದನ್ನೇ ಹೊರಗೂ ಹೇಳುವ ಆಕಾರ. ಹಿಣಿಲು ಅಲ್ಲಿ ಸುಳ್ಳಾಡುತ್ತಿರಲಿಲ್ಲ.

1980ರ ಎಫ್3ಕ್ಕೆ ನಿಕಾನ್ ಹೋದದ್ದು ಇಟಲಿಗೆ, ಜೋರ್ಜೆತ್ತೊ ಜುಜಾರೊ ಹತ್ತಿರ. ಮೊದಲ ಫೋಕ್ಸ್‌ವ್ಯಾಗನ್ ಗಾಲ್ಫ್ ಕಾರಿಗೆ ರೂಪ ಕೊಟ್ಟವರು. ಕಪ್ಪು ಬಾಡಿಯ ಮುಂಭಾಗದಲ್ಲಿ, ಬೆರಳು ಹಿಡಿಯುವ ಚಿಕ್ಕ ಉಬ್ಬಿನ ಪಕ್ಕ, ಅವರು ಒಂದು ತೆಳು ಕೆಂಪು ಗೆರೆ ಎಳೆದರು. ಆ ಗೆರೆಗೆ ಯಾವ ಕೆಲಸವೂ ಇಲ್ಲ. ಅದನ್ನು ಒತ್ತುವಂತಿಲ್ಲ, ತಿರುಗಿಸುವಂತಿಲ್ಲ, ಅದರಿಂದ ಹಿಡಿತ ಬಿಗಿಯಾಗುವುದೂ ಇಲ್ಲ. ಆದರೆ ಎಫ್3 2001ರವರೆಗೆ ತಯಾರಾಗುತ್ತಲೇ ಇತ್ತು. ಅಷ್ಟರಲ್ಲಿ ಕೆಂಪು ಗೆರೆ ಕಂಪನಿಯ ಇತರ ಬಾಡಿಗಳಿಗೆ ಹಬ್ಬಿತ್ತು. ಡಿಜಿಟಲ್ ಎಸ್‌ಎಲ್‌ಆರ್‌ಗಳಲ್ಲಿ ಶಟರ್ ಗುಂಡಿಯ ಕೆಳಗೆ ತ್ರಿಕೋನವಾಯಿತು, ಮಿರರ್‌ಲೆಸ್ ಜ಼ಡ್ ಸರಣಿಯ ಗ್ರಿಪ್ಪಿನಲ್ಲಿ ಮತ್ತೆ ಗೆರೆಯಾಯಿತು. ಹೆಸರಿನ ಮೇಲೆ ಟೇಪ್ ಅಂಟಿಸಿದರೂ ಇಪ್ಪತ್ತಡಿ ದೂರದಿಂದ ಯಾವ ಕಂಪನಿಯದೆಂದು ಹೇಳಬಹುದು. ಹಣೆಯ ಕುಂಕುಮದ ಹಾಗೆ. ಅಳತೆಯಲ್ಲಿ ಸಾಸಿವೆಯಷ್ಟು, ಗುರುತಿನಲ್ಲಿ ಇಡೀ ಮುಖ.

ಕ್ಯಾನನ್ನಿನ ಗುರುತು ಇದಕ್ಕೆ ತದ್ವಿರುದ್ಧ ದಾರಿಯಲ್ಲಿ ಬಂತು. ಅಲ್ಲಿ ಗೆರೆ ಇಲ್ಲ, ಬಾಗು ಇದೆ. 1986ರ ಟಿ90ರಲ್ಲಿ ಜರ್ಮನ್ ವಿನ್ಯಾಸಕ ಲುಯಿಜಿ ಕೊಲಾನಿ ಕೈ ಆಡಿಸಿದ್ದರು. ಅದಕ್ಕೆ ಮೊದಲಿನ ಕ್ಯಾಮೆರಾಗಳೆಲ್ಲ ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಗಿರಕಿಗಳು. ಟಿ90ರಲ್ಲಿ ಹಿಣಿಲು ಇಳಿದು ಹೆಗಲಾಗಿ, ಹೆಗಲು ಇಳಿದು ಗ್ರಿಪ್ಪಾಗಿ, ಎಲ್ಲೂ ಗೆರೆ ಮುರಿಯದೆ ಹರಿಯುತ್ತದೆ. ಶಟರ್ ಗುಂಡಿಯ ಹಿಂದೆಯೇ, ತೋರುಬೆರಳು ಒಂದಿಷ್ಟು ಹಿಂದೆ ಸರಿದರೆ ಸಿಗುವ ಜಾಗದಲ್ಲಿ, ಒಂದೇ ಒಂದು ಎಲೆಕ್ಟ್ರಾನಿಕ್ ಡಯಲ್. ಅಂಕಿಗಳೆಲ್ಲ ನೆತ್ತಿಯ ಎಲ್‌ಸಿಡಿಗೆ ಹೋದವು. ಸುರುಳಿ ಸುತ್ತಲು, ಹಿಂದಕ್ಕೆ ಎಳೆಯಲು, ಶಟರ್ ಏರಿಸಲು ಒಳಗೆ ಮೂರು ಮೋಟಾರುಗಳಿದ್ದವು. ಹೀಗಾಗಿ ಎಡಗಡೆಯ ತಿರುಗುಗೂಟ, ಬಲಗಡೆಯ ಲಿವರ್ ಎರಡೂ ಮಾಯ. ಬಾಗು ಸಾಧ್ಯವಾದದ್ದೇ ಅವು ಹೋದದ್ದರಿಂದ. ಪಾಪ, ಮಾರುಕಟ್ಟೆಯಲ್ಲಿ ಅದರ ಆಯುಸ್ಸು ಕಡಿಮೆ. ಮರುವರ್ಷ, 1987ರಲ್ಲಿ, ಕ್ಯಾನನ್ ಲೆನ್ಸ್ ಕೂರಿಸುವ ತನ್ನ ಹಳೇ ಎಫ್‌ಡಿ ಮೌಂಟನ್ನೇ ಕೈಬಿಟ್ಟು ಇಎಫ್ ತಂದಿತು. ಆದರೆ ಕ್ಯಾನನ್ನಿನ ಇವತ್ತಿನ ಯಾವುದೇ ಇಒಎಸ್ ಕ್ಯಾಮೆರಾ ಕೈಗೆತ್ತಿಕೊಂಡು ತೋರುಬೆರಳಿನ ಡಯಲ್ ತಿರುಗಿಸಿದರೆ ತಿರುಗುವುದು ಟಿ90ರದ್ದೇ.

(ಬಿಳಿ ಲೆನ್ಸುಗಳ ಕಥೆಯೂ ಹೀಗೇ. ದೂರದ್ದನ್ನು ಹತ್ತಿರ ತರುವ ದೊಡ್ಡ ಟೆಲಿಫೋಟೊ ಲೆನ್ಸ್ ಬಿಸಿಲಲ್ಲಿ ಬಿಸಿಯಾಗಬಾರದು, ಅದರಲ್ಲೂ ಒಳಗಿನ ಫ್ಲೋರೈಟ್ ಹರಳು ಶಾಖಕ್ಕೆ ಹಿಗ್ಗುತ್ತದೆ ಎಂಬ ಕಾರಣಕ್ಕೆ ಕ್ಯಾನನ್ ಬಿಳಿ ಬಳಿದದ್ದು. ಆಮೇಲೆ ಅದು ಆಟದ ಮೈದಾನದ ಅಂಚಿನಲ್ಲಿ ಕಂಪನಿಯ ಬಾವುಟವಾಯಿತು. ನಿಕಾನ್ ಹಠ ಹಿಡಿದು ಕಪ್ಪಿನಲ್ಲೇ ಉಳಿಯಿತು, ಸೋನಿ ಬಿಳಿಯ ಕಡೆ ಹೋಯಿತು. ಕಪ್ಪು ಲೆನ್ಸಿನಲ್ಲೂ ಚಿತ್ರ ಚೆನ್ನಾಗಿಯೇ ಬರುತ್ತದೆ.)

ಕಾಣದ ಕ್ಯಾಮೆರಾದ ಸದ್ದು

2013ರ ಕೊನೆಯಲ್ಲಿ ನಿಕಾನ್ ಒಂದರ ಹಿಂದೊಂದು ಕಿರುಚಿತ್ರಗಳನ್ನು ಬಿಟ್ಟಿತು. ಮಂಜು, ಬೆಟ್ಟ, ಒಬ್ಬಂಟಿಯಾಗಿ ನಡೆಯುವ ಒಬ್ಬ ಮನುಷ್ಯ. ಅವನ ಕೈಯಲ್ಲಿ ಏನೋ ಇದೆ, ಆದರೆ ತೋರಿಸುವುದಿಲ್ಲ. ಕೇಳಿಸುವುದು ಮಾತ್ರ: ಡಯಲ್ ಹಲ್ಲಿನಿಂದ ಹಲ್ಲಿಗೆ ಕೂರುವ ಕಟಕ್ ಕಟಕ್ ಸದ್ದು, ಆಮೇಲೆ ಶಟರ್. ಕ್ಯಾಮೆರಾವನ್ನು ಕಣ್ಣಿಗೆ ತೋರಿಸದೆ ಕಿವಿಗೆ ಮಾರಿದ ಜಾಹೀರಾತು ಅದು, ಮತ್ತು ಅದು ಕೆಲಸ ಮಾಡಿತು. ವಾರಗಟ್ಟಲೆ ಜನ ಆ ಸದ್ದಿನ ಬಗ್ಗೆಯೇ ಮಾತಾಡಿದರು. ನವೆಂಬರಿನಲ್ಲಿ ಡಿಎಫ್ ಎಂಬ ಕ್ಯಾಮೆರಾ ಹೊರಬಂತು: ನಿಕಾನಿನದೇ ಡಿ4 ಕ್ಯಾಮೆರಾದ 16.2 ಮೆಗಾಪಿಕ್ಸೆಲ್ ಸೆನ್ಸರ್, ವಿಡಿಯೊ ಇಲ್ಲ, ಮೈತುಂಬ ಡಯಲ್.

ಸದ್ದಿನ ಭರವಸೆ ಕೈಯಲ್ಲಿ ಎಲ್ಲಿ ಮುರಿಯಿತು ಅನ್ನುವುದು ಬಾಡಿ ವಿನ್ಯಾಸದ ಒಂದು ಒಳ್ಳೆಯ ಪಾಠ. ಮೊದಲನೆಯದು ದಪ್ಪ ಮತ್ತು ಎತ್ತರ. ಎಫ್ ಮೌಂಟಿನಲ್ಲಿ ಲೆನ್ಸ್ ಕೂರುವ ಬಳೆಯಿಂದ ಸೆನ್ಸರಿಗೆ 46.5 ಮಿ.ಮೀ. ಇರಲೇಬೇಕು. ಫಿಲ್ಮ್ ಕಾಲದಲ್ಲಿ ಅದರ ಹಿಂದೆ ಇದ್ದದ್ದು ಒಂದು ತೆಳು ಫಿಲ್ಮು, ಅದನ್ನು ಒತ್ತುವ ತಟ್ಟೆ, ಒಂದು ಬಾಗಿಲು. ಡಿಜಿಟಲ್ಲಿನಲ್ಲಿ ಸೆನ್ಸರ್, ಸರ್ಕ್ಯೂಟ್ ಬೋರ್ಡು, ಎಲ್‌ಸಿಡಿ ಮೂರೂ ಅದರ ಹಿಂದೆ ಸಾಲುಗಟ್ಟುತ್ತವೆ. ನಿಕಾನಿನ ಹಳೇ ಫಿಲ್ಮ್ ಕ್ಯಾಮೆರಾ ಎಫ್ಎಂ2ರ ಅಗಲ ಸುಮಾರು 142 ಮಿ.ಮೀ., ಎತ್ತರ 90. ಡಿಎಫ್‌ನ ಅಗಲ 143.5, ಎತ್ತರ 110, ದಪ್ಪ 66.5. ಅಗಲ ಒಂದೇ, ಎತ್ತರದಲ್ಲಿ ಎರಡು ಸೆಂಟಿಮೀಟರ್ ಹೆಚ್ಚು. ಫೋಟೊದಲ್ಲಿ ಎಫ್ಎಂ2ರ ತಮ್ಮನಂತೆ ಕಂಡದ್ದು ಎದುರು ನಿಂತಾಗ ಊದಿಕೊಂಡ ಅಣ್ಣನಾಗಿತ್ತು. ಎರಡನೆಯದು ಬೀಗ. ಚಿತ್ರವನ್ನು ಬೆಳಗಿಸುವ, ಕಪ್ಪಾಗಿಸುವ ಎಕ್ಸ್‌ಪೋಷರ್ ಕಾಂಪೆನ್ಸೇಶನ್ ಡಯಲ್ ಎಡಗಡೆ. ತಾನಾಗಿ ತಿರುಗದಿರಲಿ ಅಂತ ನಡುವೆ ಒತ್ತುಗುಂಡಿಯ ಬೀಗ. ಎಡಗೈ ಇರಬೇಕಾದದ್ದು ಲೆನ್ಸಿನ ಕೆಳಗೆ. ಭಾರದ ಟೆಲಿ ಹಾಕಿಕೊಂಡು ಹಕ್ಕಿ ಹಿಡಿಯುವಾಗ, ಹಿನ್ನೆಲೆ ಆಕಾಶಕ್ಕೆ ತಿರುಗಿತೆಂದು ಒಂದು ಸ್ಟಾಪ್ (ಅಂದರೆ ಬೆಳಕು ಎರಡರಷ್ಟು) ಏರಿಸಬೇಕಾದರೆ ಎಡಗೈಯನ್ನು ಲೆನ್ಸಿನಿಂದ ಕಿತ್ತು, ಬೀಗ ಒತ್ತಿ, ಒತ್ತಿ ಹಿಡಿದೇ ತಿರುಗಿಸಬೇಕು. ಅಷ್ಟರಲ್ಲಿ ಹಕ್ಕಿ ಪಕ್ಕದ ತಾಲ್ಲೂಕಿನಲ್ಲಿರುತ್ತದೆ. ಮೂರನೆಯದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು: ಡಯಲ್ ಹೇಳುವುದು ಒಂದು, ಕ್ಯಾಮೆರಾ ಮಾಡುವುದು ಇನ್ನೊಂದು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹಳೇ ಶಟರ್ ಡಯಲಿನಲ್ಲಿ ಕೊರೆದದ್ದು ಪೂರ್ತಿ ಸ್ಟಾಪುಗಳು: 60, 125, 250, ಅಂದರೆ ಸೆಕೆಂಡಿನ ಅಷ್ಟನೇ ಒಂದು ಭಾಗ. ಡಿಜಿಟಲ್ ಕ್ಯಾಮೆರಾ ಅವುಗಳ ನಡುವೆ ಮೂರನೇ ಒಂದು ಭಾಗದ ಹೆಜ್ಜೆ ಇಡಬಲ್ಲದು. 125 ಮತ್ತು 250ರ ನಡುವೆ 160, 200. ಅವನ್ನೆಲ್ಲ ಕೊರೆದರೆ ಡಯಲ್ ತಟ್ಟೆಯಷ್ಟು ದೊಡ್ಡದಾಗಬೇಕು. ಅದಕ್ಕೆ ನಿಕಾನ್ ಡಯಲಿನ ಮೇಲೆ ‘1/3 ಸ್ಟೆಪ್’ ಎಂಬ ಒಂದು ಮನೆ ಇಟ್ಟಿತು. ಅಲ್ಲಿ ನಿಲ್ಲಿಸಿದರೆ ಶಟರ್ ವೇಗ ಹಿಂಬದಿಯ ಸಾಮಾನ್ಯ ಡಯಲಿಗೆ ಹೋಗುತ್ತದೆ. ದಿನವೂ ಬಳಸುವ ಬಹಳ ಜನ ಅಲ್ಲೇ ನಿಲ್ಲಿಸಿ ಮರೆತುಬಿಡುತ್ತಾರೆ. ಸದ್ದಿಗಾಗಿ ಕೊಂಡ ಡಯಲ್ ಅಲ್ಲಾಡುವುದೇ ಇಲ್ಲ. 2023ರ ಜ಼ಡ್‌ಎಫ್ ದಪ್ಪದ ಸಮಸ್ಯೆಯನ್ನು ಬಗೆಹರಿಸಿತು. ಜ಼ಡ್ ಮೌಂಟಿನ ಅಂತರ ಬರೀ 16 ಮಿ.ಮೀ., ಹಾಗಾಗಿ ಬಾಡಿಯ ದಪ್ಪ 49ಕ್ಕೆ ಇಳಿಯಿತು. ಡಯಲುಗಳು ನಿಜವಾದ ಹಿತ್ತಾಳೆ, ತಿರುಗಿಸಿದರೆ ಬೆರಳಿಗೆ ತೂಕ ಗೊತ್ತಾಗುತ್ತದೆ. ಆದರೆ ಐಎಸ್‌ಒ (ಬೆಳಕಿಗೆ ಸೆನ್ಸರ್ ಎಷ್ಟು ಚುರುಕು ಅನ್ನುವ ಅಳತೆ) ಡಯಲಿನ ಕೆಳಗೆ, ಯಾವುದನ್ನು ಕ್ಯಾಮೆರಾ ಆರಿಸಬೇಕು, ಯಾವುದನ್ನು ನೀವು ಅಂತ ಹೇಳುವ ಪಿ, ಎಸ್, ಎ, ಎಂ ಎಂಬ ಪುಟ್ಟ ಲಿವರ್ ಉಳಿಯಿತು. ಅದನ್ನು ‘ಎ’ಗೆ, ಅಂದರೆ ವೇಗವನ್ನು ಕ್ಯಾಮೆರಾಗೇ ಬಿಡುವ ಸ್ಥಿತಿಗೆ, ಇಟ್ಟರೆ ಶಟರ್ ಡಯಲ್ 125 ತೋರಿಸುತ್ತ ಕೂತಿರುತ್ತದೆ, ಕ್ಯಾಮೆರಾ 1/2000ರಲ್ಲಿ ಹೊಡೆಯುತ್ತಿರುತ್ತದೆ. ನಿಂತ ಗಡಿಯಾರವನ್ನು ಕೈಗೆ ಕಟ್ಟಿಕೊಂಡ ಹಾಗೆ.

ತಮಾಷೆಯೆಂದರೆ ಇದಕ್ಕೆ ಉತ್ತರ ನಿಕಾನ್ ಹತ್ತಿರವೇ ಇತ್ತು. ಎಫ್3ರಲ್ಲಿ ಮೋಡ್ ಲಿವರ್ ಇಲ್ಲ. ಶಟರ್ ಡಯಲಿನ ಮೇಲೇ ಒಂದು ‘ಎ’ ಇದೆ. ಅಲ್ಲಿಟ್ಟರೆ ವೇಗ ಕ್ಯಾಮೆರಾದ್ದು, ಅಂಕಿಯ ಮೇಲಿಟ್ಟರೆ ನಿಮ್ಮದು. ಡಯಲ್ ಎಂದೂ ಸುಳ್ಳು ಹೇಳುವುದಿಲ್ಲ. ಈ ಪಾಠವನ್ನು ಎತ್ತಿಕೊಂಡದ್ದು ಫ್ಯೂಜಿ. ಎಕ್ಸ್100ರಿಂದ ಎಕ್ಸ್-ಟಿ ಸರಣಿಯವರೆಗೆ ಶಟರ್ ಡಯಲಿನಲ್ಲಿ ಒಂದು ‘ಎ’, ಲೆನ್ಸಿನ ಬೆಳಕಿನ ಕಿಂಡಿಯನ್ನು ಹಿಗ್ಗಿಸಿ ಕುಗ್ಗಿಸುವ ಅಪರ್ಚರ್ ಉಂಗುರದಲ್ಲಿ ಇನ್ನೊಂದು ‘ಎ’. ಎರಡೂ ‘ಎ’ಯಲ್ಲಿದ್ದರೆ ಪ್ರೋಗ್ರಾಂ, ಎರಡೂ ಕ್ಯಾಮೆರಾದ್ದೇ; ಒಂದಿದ್ದರೆ ಪ್ರಯಾರಿಟಿ, ಒಂದು ಅದರದ್ದು, ಒಂದು ನಿಮ್ಮದು; ಎರಡೂ ಇಲ್ಲದಿದ್ದರೆ ಮ್ಯಾನ್ಯುಯಲ್, ಎರಡೂ ನಿಮ್ಮದೇ. ಕ್ಯಾಮೆರಾ ಆಫ್ ಇದ್ದಾಗಲೂ ಮೇಲಿನಿಂದ ನೋಡಿದರೆ ಸಾಕು, ಯಾವ ಸ್ಥಿತಿಯಲ್ಲಿದೆ ಅಂತ ಗೊತ್ತಾಗುತ್ತದೆ. ಜ಼ಡ್‌ಎಫ್ ಜೊತೆ ಕೊಡುವ 40 ಮಿ.ಮೀ. ಎಸ್‌ಇ ಲೆನ್ಸಿಗೆ ಹಳೇ ಕಾಲದ ಕಚ್ಚು ಕಚ್ಚಿನ ಉಂಗುರವೇನೋ ಇದೆ. ಅಂಕಿ ಕೊರೆದ ಅಪರ್ಚರ್ ಉಂಗುರವಿಲ್ಲ. ಎಷ್ಟರಲ್ಲಿದೆ ಅಂತ ತಿಳಿಯಲು ನೆತ್ತಿಯ ಮೇಲಿನ ಪುಟ್ಟ ಎಲ್‌ಸಿಡಿ ಕಿಂಡಿಯನ್ನು ಇಣುಕಬೇಕು.

ಇಷ್ಟೆಲ್ಲ ದೂರಿದಮೇಲೂ ಜ಼ಡ್‌ಎಫ್ ಕೈಗೆತ್ತಿಕೊಂಡರೆ ಕೆಳಗಿಡಲು ಮನಸ್ಸಾಗುವುದಿಲ್ಲ ಅನ್ನುವುದೂ ನಿಜ. ವಿನ್ಯಾಸ ಅಂದರೆ ಇದೇ ಕಿರಿಕಿರಿ. ಅಂದಹಾಗೆ ಅದರ ಮೇಲೆ ಜುಜಾರೊ ಅವರ ಕೆಂಪು ಗೆರೆ ಇಲ್ಲ.

ತಳದ ತಟ್ಟೆ ಮತ್ತು ಹಿತ್ತಾಳೆ

ಆಕಾರ ಬದಲಿಸಿದರೆ ಏನಾಗುತ್ತದೆ ಅಂತ ಕಂಪನಿಗಳು ಹೆದರುವುದಕ್ಕೆ ಕಾರಣ ಜರ್ಮನಿಯ ಲೈಕಾ ಕಂಪನಿಯ ಎಂ5 ಕ್ಯಾಮೆರಾ. 1954ರ ಎಂ3ರಿಂದ ಬಂದ ದುಂಡು ಮೂಲೆಯ, 138 ಮಿ.ಮೀ. ಅಗಲದ ಬಾಡಿಯನ್ನು 1971ರಲ್ಲಿ ಲೈಕಾ ಅಗಲಿಸಿತು, ಎತ್ತರಿಸಿತು. ಕಾರಣ ಗಟ್ಟಿಯಾಗಿಯೇ ಇತ್ತು. ಲೆನ್ಸಿನ ಮೂಲಕವೇ ಬೆಳಕು ಅಳೆಯುವ ಮೀಟರ್ ಒಳಗೆ ಬಂದಿತ್ತು. ಮೀಟರಿನ ಕಣ್ಣು ಒಂದು ಪುಟ್ಟ ತೋಳಿನ ಮೇಲೆ ಫಿಲ್ಮಿನ ಮುಂದೆ ನಿಂತು, ಶಟರ್ ಒತ್ತಿದಾಗ ಪಕ್ಕಕ್ಕೆ ಸರಿಯುತ್ತಿತ್ತು. ಆ ತೋಳಿಗೆ ಜಾಗ ಬೇಕಿತ್ತು. ಶಟರ್ ಡಯಲ್ ಅಂಚಿಗೆ ಚಾಚಿದ್ದರಿಂದ ಕಣ್ಣು ತೆಗೆಯದೆ ಒಂದೇ ಬೆರಳಲ್ಲಿ ತಿರುಗಿಸಬಹುದಿತ್ತು. ಕೆಲಸದಲ್ಲಿ ಅದಕ್ಕೆ ಮೊದಲಿನ ಎಂ4ಗಿಂತ ಮೇಲು. ಕೊಳ್ಳುವವರಿಗೆ ಅದು ಲೈಕಾ ಅನ್ನಿಸಲಿಲ್ಲ. 1975ಕ್ಕೆ ಎಂ5 ನಿಂತಿತು, 1977ರಲ್ಲಿ ಎಂ4-2 ಹಳೇ ಮೈಯಲ್ಲೇ ಮರಳಿತು. 1984ರ ಎಂ6ರಲ್ಲಿ ಮೀಟರನ್ನು ಆ ಹಳೇ ಮೈಯೊಳಗೇ ತುರುಕಿದರು.

ಆಮೇಲೆ ಲೈಕಾ ಆಕಾರಕ್ಕೆ ಕೈಹಚ್ಚಲು ಎಷ್ಟು ಹಿಂಜರಿಯಿತು ಅಂದರೆ, ಫಿಲ್ಮ್ ಹೋದಮೇಲೂ ಫಿಲ್ಮ್ ಹಾಕುವ ಬಾಗಿಲು ಉಳಿಯಿತು. ಹಳೇ ಲೈಕಾಗಳಲ್ಲಿ ಸುರುಳಿಯನ್ನು ತಳದಿಂದ ತೂರಿಸಬೇಕಿತ್ತು. ಹಿಂಬದಿ ಪೂರ್ತಿ ತೆರೆಯದಿದ್ದರೆ ಬಾಡಿ ಬಿಗಿಯಾಗಿರುತ್ತದೆ ಎಂಬ ಲೆಕ್ಕ. 2006ರ ಡಿಜಿಟಲ್ ಎಂ8ಕ್ಕೆ ಅದೇ ತಳತಟ್ಟೆ ಬಂತು. ಮೆಮೊರಿ ಕಾರ್ಡ್ ತೆಗೆಯಬೇಕೆ? ಟ್ರೈಪಾಡಿನಿಂದ ಇಳಿಸಿ, ತಳದ ಕೊಕ್ಕೆ ತಿರುಗಿಸಿ, ಹಿತ್ತಾಳೆ ತಟ್ಟೆ ಬಿಚ್ಚಿ ಬಾಯಲ್ಲೋ ಕಂಕುಳಲ್ಲೋ ಹಿಡಿದು, ಕಾರ್ಡ್ ಎಳೆಯಬೇಕು. ಈ ಶಾಸ್ತ್ರ ಎಂ9, ಎಂ10ರಲ್ಲೂ ನಡೆದು, 2022ರ ಎಂ11ರಲ್ಲಿ ಕೊನೆಗಂಡಿತು. ಅದನ್ನು ತೆಗೆದಾಗ ಬೇಸರಪಟ್ಟವರೂ ಇದ್ದರು! 2018ರ ಎಂ10-ಡಿಯಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಫಿಲ್ಮ್ ಎಳೆಯುವ ಲಿವರಿನ ಆಕಾರವನ್ನೇ ಇಟ್ಟರು. ಅದು ಎಳೆಯುವುದಿಲ್ಲ, ಹೆಬ್ಬೆರಳು ಒರಗಿಸಲು. ಇದನ್ನು ನೋಡಿ ನಗುವ ಮೊದಲು 2004ರ ಎಪ್ಸನ್ ಆರ್-ಡಿ1 ನೆನಪಿಸಿಕೊಳ್ಳಬೇಕು. ಡಿಜಿಟಲ್ಲಾದರೂ ಪ್ರತಿ ಚಿತ್ರಕ್ಕೂ ಅದರ ಲಿವರ್ ಎಳೆಯಬೇಕಿತ್ತು, ಯಾಕೆಂದರೆ ಒಳಗಿದ್ದದ್ದು ಫಿಲ್ಮ್ ಕ್ಯಾಮೆರಾದ ಶಟರ್. ಅದನ್ನು ಏರಿಸಲು ಮೋಟಾರ್ ಇರಲಿಲ್ಲ. ಎರಡು ಲಿವರುಗಳ ಆಕಾರ ಒಂದೇ. ಒಂದು ದುಡಿಯುತ್ತದೆ, ಒಂದು ನಟಿಸುತ್ತದೆ. ನಟಿಸುವುದೂ ಹೆಬ್ಬೆರಳಿಗೆ ಆಸರೆ ಕೊಡುತ್ತದೆ ಅನ್ನುವುದನ್ನು ಒಪ್ಪಬೇಕು.

ಹಿತ್ತಾಳೆಯ ಮೋಹ ಬೇರೆಯೇ ಅಧ್ಯಾಯ. ಹಳೇ ಕಪ್ಪು ಬಾಡಿಗಳು ಹಿತ್ತಾಳೆಯ ಮೇಲೆ ಬಳಿದ ಬಣ್ಣ. ಅಂಚು ಸವೆದಲ್ಲಿ ಹಳದಿ ಮಿನುಗುತ್ತದೆ. ಅದು ದುಡಿಮೆಯ ಗುರುತಾಗಿ, ಗುರುತು ಆಸೆಯಾಗಿ, 2015ರಲ್ಲಿ ಗಾಯಕ ಲೆನ್ನಿ ಕ್ರಾವಿಟ್ಜ಼್ ಹೆಸರಿನಲ್ಲಿ ಕಾರ್ಖಾನೆಯಲ್ಲೇ ಸವೆಸಿದ ಲೈಕಾ ಎಂ-ಪಿ ಬಾಡಿಗಳು ಬಂದವು, ಒಟ್ಟು 125 ಸೆಟ್. ಹರಿದ ಜೀನ್ಸಿಗೆ ಹೆಚ್ಚು ಬೆಲೆ ಇದ್ದ ಹಾಗೆ. ಕೊಳ್ಳುವವರು ತಿಳಿದಿರಬೇಕಾದ್ದು: ಮಾಮೂಲಿ ಕಪ್ಪು ಎಂ11ರ ಮೇಲ್ತಟ್ಟೆ ಅಲ್ಯೂಮಿನಿಯಂ, ಬೆಳ್ಳಿ ಬಣ್ಣದ್ದು ಹಿತ್ತಾಳೆ. ತೂಕ 530 ಗ್ರಾಂ ಮತ್ತು 640 ಗ್ರಾಂ. ಬಣ್ಣ ಆರಿಸುವಾಗ 110 ಗ್ರಾಂ ಕೂಡ ಆರಿಸುತ್ತಿದ್ದೀರಿ, ಮತ್ತು ಕಪ್ಪನ್ನು ಇಪ್ಪತ್ತು ವರ್ಷ ಉಜ್ಜಿದರೂ ಹಳದಿ ಕಾಣುವುದಿಲ್ಲ. 1984ರ ಎಂ6ರ ಮೇಲ್ತಟ್ಟೆಯೂ ಹಿತ್ತಾಳೆಯಲ್ಲ, ಸತುವಿನ ಎರಕ. 2022ರಲ್ಲಿ ಮರಳಿ ತಂದ ಎಂ6ಕ್ಕೆ ಹಿತ್ತಾಳೆ ಹಾಕಿದರು. ಸೆಕೆಂಡ್‌ಹ್ಯಾಂಡ್ ಕ್ಯಾನನ್ ಎಇ-1 ಮಾರುವವರು ‘ಪೂರ್ತಿ ಲೋಹ ಸಾರ್’ ಅಂದರೆ ನಂಬಬೇಡಿ. ಅದರ ಮೇಲ್ತಟ್ಟೆ ಪ್ಲಾಸ್ಟಿಕ್ ಮೇಲೆ ಲೋಹದ ಲೇಪ. 1976ರಲ್ಲಿ ಬೆಲೆ ಇಳಿಸಲು ಕ್ಯಾನನ್ ಕಂಡ ಜಾಣ ಉಪಾಯಗಳಲ್ಲಿ ಅದೂ ಒಂದು, ಮತ್ತು ಎಷ್ಟು ಚೆನ್ನಾಗಿ ಮಾಡಿದ್ದರೆಂದರೆ ಇವತ್ತಿಗೂ ಜನ ಮೋಸಹೋಗುತ್ತಾರೆ. ಬೆರಳ ಗೆಣ್ಣಿನಿಂದ ತಟ್ಟಿ ನೋಡಿ. ಲೋಹದ ಸದ್ದು ಬೇರೆ, ಚಳಿಗಾಲದ ಬೆಳಗ್ಗೆ ಮುಟ್ಟಿದರೆ ತಣ್ಣಗಿರುವುದೂ ಬೇರೆ.

ಕೆಲಸದ ಕಥೆ ಹೇಳುತ್ತ ಚೆಲುವು ಮಾರಿದ ಇನ್ನೊಂದು ದೃಶ್ಯ 2014ರದ್ದು. ಲೈಕಾ ಟಿಗಾಗಿ ಆಡಿ ಕಾರಿನ ವಿನ್ಯಾಸಕರ ಜೊತೆ ಸೇರಿ, 1.2 ಕಿಲೋ ಅಲ್ಯೂಮಿನಿಯಂ ಗಟ್ಟಿಯೊಂದನ್ನು ಕೊರೆದು ಕೊರೆದು 94 ಗ್ರಾಮಿನ ಚಿಪ್ಪು ಮಾಡಿದರು. ಆಮೇಲೆ ಒಬ್ಬರು ಕೈಗವಸು ತೊಟ್ಟು ಆ ಚಿಪ್ಪನ್ನು 45 ನಿಮಿಷ ಉಜ್ಜುವುದನ್ನು ಒಂದಿಷ್ಟೂ ಕತ್ತರಿಸದೆ ಚಿತ್ರೀಕರಿಸಿ ಬಿಟ್ಟರು. ಕೈ ಹಿಂದೆ ಮುಂದೆ, ಹಿಂದೆ ಮುಂದೆ. ಬೇಸರದ ಜಾಹೀರಾತು ಅಂತ ತಾವೇ ಹಾಸ್ಯ ಮಾಡಿಕೊಂಡರು. ಸೊಗಸಾಗಿತ್ತು. ಆದರೆ ನುಣುಪಾದ ಅಲ್ಯೂಮಿನಿಯಂ ಬೆವರಿದ ಅಂಗೈಯಲ್ಲಿ ಜಾರುತ್ತದೆ.

ಎರಡು ಮಿಲಿಮೀಟರ್

ಜರ್ಮನಿಯ ಕೊಲೋನಿನ ಫೋಟೊಕಿನಾ ಕ್ಯಾಮೆರಾ ಮೇಳದಲ್ಲಿ 2010ರ ಸೆಪ್ಟೆಂಬರಿನಲ್ಲಿ ಫ್ಯೂಜಿಯವರು ಎಕ್ಸ್100 ತೋರಿಸಿದಾಗ ಅದು ಇನ್ನೂ ಮಾರಾಟಕ್ಕಿರಲಿಲ್ಲ, ಬಂದದ್ದು ಮರುವರ್ಷ. ಮೊದಲ ಎಕ್ಸ್100ರ ಆಟೊಫೋಕಸ್ ನಿಧಾನ, ಮೆನು ಗೋಜಲು, ಕಾಂಪೆನ್ಸೇಶನ್ ಡಯಲ್ ಚೀಲದಲ್ಲಿ ತಾನಾಗಿ ತಿರುಗುತ್ತಿತ್ತು. ಆದರೂ ಜನ ಮುಗಿಬಿದ್ದರು. ಕೊಂಡವರು ಬೈಯುತ್ತಲೇ ಇಟ್ಟುಕೊಂಡರು, ಕಂಪನಿ ಒಳಗಿನ ತಂತ್ರಾಂಶವನ್ನು, ಅಂದರೆ ಫರ್ಮ್‌ವೇರನ್ನು, ಮತ್ತೆ ಮತ್ತೆ ಹೊಸದಾಗಿ ಕೊಟ್ಟು ಸರಿಪಡಿಸಿತು. ಅದಾದಮೇಲೆ ಐದು ತಲೆಮಾರು ಬಂದಿವೆ. 2020ರ ಎಕ್ಸ್100ವಿಯ ಅಗಲ 128 ಮಿ.ಮೀ., ಎತ್ತರ 74.8, ದಪ್ಪ 53.3. 2024ರ ಎಕ್ಸ್100VI ರಲ್ಲಿ ಸೆನ್ಸರನ್ನೇ ಅಲ್ಲಾಡಿಸುವ ಸ್ಥಿರೀಕರಣ ಬಂತು. ಅಷ್ಟು ಯಂತ್ರ ಸೇರಿಸಿದರೂ ಅಗಲ 128, ಎತ್ತರ 74.8. ಬೆಳೆದದ್ದು ದಪ್ಪದಲ್ಲಿ 2 ಮಿ.ಮೀ., ತೂಕದಲ್ಲಿ 43 ಗ್ರಾಂ. ಎದುರಿನಿಂದ ಫೋಟೊ ತೆಗೆದರೆ ವ್ಯತ್ಯಾಸ ಕಾಣದು. ಬೆಲೆ ತೆತ್ತದ್ದು ಬ್ಯಾಟರಿ: ಅದೇ ಪುಟ್ಟ ಎನ್‌ಪಿ-ಡಬ್ಲ್ಯು126ಎಸ್. ಹಾಗಾಗಿ ಊರಿಗೆ ಹೊರಟರೆ ಎರಡು ಹೆಚ್ಚುವರಿ ಬ್ಯಾಟರಿ ಜೇಬಲ್ಲಿರಲಿ.

ಆಕಾರ ಒಂದೇ ಸಾಲದು ಅನ್ನುವುದಕ್ಕೆ ಪೆಂಟಾಕ್ಸ್ ಕೆ-01 ಸಾಕ್ಷಿ. 2012, ಹೆಸರಾಂತ ವಿನ್ಯಾಸಕ ಮಾರ್ಕ್ ನ್ಯೂಸನ್, ಹಳದಿ ಬಣ್ಣ, ಮಕ್ಕಳ ಆಟಿಕೆಯ ಇಟ್ಟಿಗೆಯ ಹಾಗೆ. ಕನ್ನಡಿ ತೆಗೆದರು, ವ್ಯೂಫೈಂಡರನ್ನೂ ತೆಗೆದರು, ಆದರೆ ಹಳೇ ಕೆ ಮೌಂಟಿನ ಲೆನ್ಸುಗಳು ಕೂರಲಿ ಅಂತ 45.46 ಮಿ.ಮೀ. ಅಂತರ ಉಳಿಸಿಕೊಂಡರು. ಕನ್ನಡಿ ಇದ್ದ ಕೋಣೆ ಖಾಲಿ ಉಳಿಯಿತು. ಸುಮಾರು 6 ಸೆಂ.ಮೀ. ದಪ್ಪದ, ಕಣ್ಣಿಲ್ಲದ ಕ್ಯಾಮೆರಾ. ಒಂದು ವರ್ಷದ ಆಚೀಚೆ ಮುಗಿದುಹೋಯಿತು. ಅದೇ ವರ್ಷ ಹ್ಯಾಸಲ್‌ಬ್ಲಾಡ್ ಸೋನಿ ಎನ್‌ಇಎಕ್ಸ್-7ರ ಒಳಗನ್ನು ತೆಗೆದುಕೊಂಡು ಮರದ ಗ್ರಿಪ್ ಅಂಟಿಸಿ ಲೂನಾರ್ ಅಂತ ಹೆಸರಿಟ್ಟು ಹಲವು ಪಟ್ಟು ಬೆಲೆಗೆ ಮಾರಲು ಹೋದದ್ದರ ಬಗ್ಗೆ ಹೆಚ್ಚು ಹೇಳದಿರುವುದೇ ವಾಸಿ.

ಅಂಗಡಿಯ ಗಾಜಿನ ಮೇಜಿನ ಮೇಲೆ

ಅಂಗಡಿಯಲ್ಲಿ ಬಾಡಿಯನ್ನು ಕೈಗೆ ಕೊಡುವುದು ಜೊತೆಗೇ ಬರುವ ಹಗುರ ಕಿಟ್ ಲೆನ್ಸ್ ಹಾಕಿ. ಹಗುರ ಲೆನ್ಸಿನಲ್ಲಿ ಎಲ್ಲ ಬಾಡಿಯೂ ಚೆಂದ. ನಿಮ್ಮ ಅತಿ ಭಾರದ ಲೆನ್ಸನ್ನು ಒಯ್ಯಿರಿ, ಇಲ್ಲವೇ ಅಲ್ಲಿರುವ ಭಾರದ ಜ಼ೂಮ್ ಲೆನ್ಸ್, 24-70 ಎಫ್2.8, ಹಾಕಿಸಿ. ಬಲಗೈ ಒಂದರಲ್ಲೇ ಎದೆಯ ಮಟ್ಟಕ್ಕೆ ಹಿಡಿದು ಮೂರು ನಿಮಿಷ ಮಾತಾಡುತ್ತ ನಿಲ್ಲಿ. ನೋವು ಹೆಬ್ಬೆರಳ ಬುಡದಲ್ಲಿ ಬಂದರೆ ಹಿಂಬದಿಯ ಆಸರೆ ಸಾಲದು. ಮಧ್ಯಬೆರಳ ಮೊದಲ ಗೆಣ್ಣಿನಲ್ಲಿ ಬಂದರೆ ಗ್ರಿಪ್ ಆಳ ಸಾಲದು. ಕಿರುಬೆರಳು ಕೆಳಗೆ ಗಾಳಿಯಲ್ಲಿ ತೇಲುತ್ತಿದ್ದರೆ ಬಾಡಿಯ ಎತ್ತರ ನಿಮ್ಮ ಕೈಗಲ್ಲ. ಗ್ರಿಪ್ಪಿಗೂ ಲೆನ್ಸಿಗೂ ನಡುವೆ ಬೆರಳ ಗೆಣ್ಣು ಉಜ್ಜುತ್ತಿದೆಯೇ ನೋಡಿ. ದಪ್ಪ ಲೆನ್ಸ್ ಹಾಕಿದಾಗ ಮಾತ್ರ ಗೊತ್ತಾಗುವ ತೊಂದರೆ ಇದು. ಕನ್ನಡಕ ಹಾಕುವವರು ಕನ್ನಡಕ ಹಾಕಿಯೇ ವ್ಯೂಫೈಂಡರಿನ ನಾಲ್ಕೂ ಮೂಲೆ ಕಾಣುತ್ತವೆಯೇ ಪರೀಕ್ಷಿಸಬೇಕು. ಕಣ್ಣು ಮುಚ್ಚಿ ಐಎಸ್‌ಒ ಬದಲಿಸಿ, ಫೋಕಸ್ ಬಿಂದು ಸರಿಸಿ. ಟ್ರೈಪಾಡ್ ಪ್ಲೇಟ್ ಬಿಗಿದು ಆಮೇಲೆ ಬ್ಯಾಟರಿ ಬಾಗಿಲು ತೆರೆಯಿರಿ. ಜ಼ಡ್‌ಎಫ್‌ನಲ್ಲಿ ಎರಡೂ ಕಾರ್ಡುಗಳು ಆ ಬಾಗಿಲೊಳಗೇ ಇವೆ, ಅದರಲ್ಲಿ ಒಂದು ಉಗುರಿಗೆ ಸಿಗದ ಮೈಕ್ರೊಎಸ್‌ಡಿ. ಮದುವೆ ಛತ್ರದಲ್ಲಿ ಧಾರೆಯ ನಡುವೆ ಅದನ್ನು ಬದಲಿಸುವ ಯೋಗ ಶತ್ರುವಿಗೂ ಬೇಡ.

ಛತ್ರದ ಮಾತು ಬಂದಮೇಲೆ ಇನ್ನೊಂದು. ನಮ್ಮಲ್ಲಿ ಮದುವೆ ಫೋಟೊಗ್ರಾಫರುಗಳು ಬ್ಯಾಟರಿ ಗ್ರಿಪ್ ಹಾಕಿಕೊಳ್ಳುವುದು ಬರೀ ಬ್ಯಾಟರಿಗಾಗಿ ಅಲ್ಲ. ದುಡ್ಡು ಕೊಡುವ ಹುಡುಗಿಯ ಅಪ್ಪನಿಗೆ ಕ್ಯಾಮೆರಾ ದೊಡ್ಡದಾಗಿ ಕಾಣಬೇಕು. ಬೆಳ್ಳಿ ಬಣ್ಣದ ಪುಟ್ಟ ಬಾಡಿ ಎಷ್ಟೇ ಮೆಗಾಪಿಕ್ಸೆಲ್ ಇದ್ದರೂ ‘ರೀಲ್ ಕ್ಯಾಮೆರಾ ತಂದಿದಾನೆ’ ಅನ್ನಿಸಿಕೊಳ್ಳುತ್ತದೆ. ಅದೇ ಪುಟ್ಟ ಬಾಡಿ ಜಾತ್ರೆಯಲ್ಲಿ ವರ; ಯಾರೂ ತಿರುಗಿ ನೋಡುವುದಿಲ್ಲ. ಒಂದೇ ಆಕಾರ ಒಂದು ಕಡೆ ಸಂಭಾವನೆ ಇಳಿಸುತ್ತದೆ, ಇನ್ನೊಂದು ಕಡೆ ಚಿತ್ರ ಕೊಡುತ್ತದೆ.

ಕರಾವಳಿ, ಮಲೆನಾಡಿನವರಿಗೆ ಒಂದು ಎಚ್ಚರಿಕೆ. ರೆಟ್ರೊ ಬಾಡಿ ಕೊಂಡವರು ಮೊದಲು ಕೊಳ್ಳುವುದು ಚರ್ಮದ ಕೇಸು. ಚರ್ಮ ತೇವ ಕುಡಿದು ಹಿಡಿದಿಟ್ಟುಕೊಳ್ಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದರೊಳಗೆ ಮುಚ್ಚಿಟ್ಟರೆ ಲೆನ್ಸಿನೊಳಗೆ ಬೂಷ್ಟು ಬರುವುದು ಖಚಿತ ಅಂತಲೇ ಲೆಕ್ಕ. ಕೇಸನ್ನು ಹೊರಗಿಡಿ, ಕ್ಯಾಮೆರಾವನ್ನು ಡ್ರೈ ಕ್ಯಾಬಿನೆಟ್ಟಿನಲ್ಲಿ 40ರಿಂದ 50 ಶೇಕಡಾ ತೇವಾಂಶದಲ್ಲಿ, ಅಥವಾ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಗ್ರಿಪ್ಪಿನ ರಬ್ಬರಿಗೆ ಶತ್ರು ಬೆವರು, ಎಣ್ಣೆ ಮತ್ತು ಡೀಟ್ ಇರುವ ಸೊಳ್ಳೆ ನಿರೋಧಕ. ಕಬಿನಿಯ ಜೀಪಿನಲ್ಲಿ ಕೈಗೆ ಸವರಿಕೊಂಡು ಹಾಗೇ ಕ್ಯಾಮೆರಾ ಹಿಡಿದರೆ ಡೀಟ್ ಪ್ಲಾಸ್ಟಿಕ್ಕನ್ನೂ ಮೆತ್ತಗಾಗಿಸುತ್ತದೆ. ಅಂಗೈ ಒರೆಸಿಕೊಳ್ಳಿ. ಹಿಗ್ಗಿ ಎದ್ದ ರಬ್ಬರನ್ನು ಅಂಚು ಕತ್ತರಿಸಿ ಮತ್ತೆ ಅಂಟಿಸುವವರಿದ್ದಾರೆ. ಅದು ಮತ್ತೆ ಏಳುತ್ತದೆ, ಯಾಕೆಂದರೆ ಹಿಗ್ಗಿದ್ದು ಪೂರ್ತಿ ಕುಗ್ಗುವುದಿಲ್ಲ. ಹೊಸ ತುಂಡು ತರಿಸಿ. ಹಳೇ ಅಂಟನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಬಟ್ಟೆಯಿಂದ ಒರೆಸಿ, ಬಾಟಲಿಯಿಂದ ನೇರ ಸುರಿಯಬೇಡಿ. ಒಣಗಿದಮೇಲೆ ತೆಳು ಎರಡುಬದಿ ಟೇಪಿನಿಂದ ಮಧ್ಯದಿಂದ ಅಂಚಿಗೆ ಒತ್ತುತ್ತ ಕೂರಿಸಿ.

ಜ಼ಡ್‌ಎಫ್‌ಗೆ ಮರಳಿದರೆ, ಬ್ಯಾಟರಿ ಕಾರ್ಡ್ ಸೇರಿ ಅದರ ತೂಕ 710 ಗ್ರಾಂ. ನಿಕಾನಿನ 24-70 ಎಫ್2.8 ಎಸ್ ಲೆನ್ಸ್ 805 ಗ್ರಾಂ. ಒಂದೂವರೆ ಕಿಲೋ ಭಾರ, ಹಿಡಿಯಲು ಮುಂದೆ ಒಂದು ಅಕ್ಕಿಕಾಳಿನಷ್ಟು ಉಬ್ಬು. ಅದಕ್ಕೇ ಆ ಕ್ಯಾಮೆರಾ ಕೊಂಡ ಬಹಳ ಜನ ಮೊದಲ ವಾರದಲ್ಲೇ ತರಿಸುವುದು ಟ್ರೈಪಾಡ್ ತೂತಿಗೆ ಸ್ಕ್ರೂ ಹಾಕಿ ಬಿಗಿಯುವ ಹೆಚ್ಚುವರಿ ಗ್ರಿಪ್ಪನ್ನು. ಬಿಗಿದಮೇಲೆ ಹಿಡಿತ ಸೊಗಸಾಗುತ್ತದೆ, ಕಿರುಬೆರಳಿಗೂ ಜಾಗ ಸಿಗುತ್ತದೆ. ಎದುರಿನಿಂದ ನೋಡಿದರೆ ಆ ಚಪ್ಪಟೆ ಮುಖ ಮಾತ್ರ ಇರುವುದಿಲ್ಲ.